ಕೆಂಗಲ್ ಹನುಮಂತಯ್ಯ

ಕೆಂಗಲ್ ಹನುಮಂತಯ್ಯ (14 ಫೆಬ್ರವರಿ 1908 – 1 ಡಿಸೆಂಬರ್ 1980) ಕರ್ನಾಟಕದ ಸ್ವಾತಂತ್ರ್ಯ ಹೋರಾಟಗಾರರು, ವಕೀಲರು ಮತ್ತು ರಾಜಕೀಯ ನಾಯಕರು. ಇಂದಿನ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಜನಿಸಿದ ಇವರು 1952ರ ಮಾರ್ಚ್ 30ರಿಂದ 1956ರ ಆಗಸ್ಟ್ 19ರವರೆಗೆ ಮೈಸೂರು ರಾಜ್ಯದ ಎರಡನೆಯ ಮುಖ್ಯಮಂತ್ರಿಯಾಗಿದ್ದರು. ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯರು, ಮೂರು ಬಾರಿ ಲೋಕಸಭಾ ಸದಸ್ಯರು, ಕೇಂದ್ರ ಸರ್ಕಾರದಲ್ಲಿ ಕಾನೂನು ಹಾಗೂ ರೈಲ್ವೆ ಸಚಿವರು, ಮೊದಲ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರು ಎಂಬ ನೆಲೆಗಳಲ್ಲಿಯೂ ಇವರು ಸೇವೆ ಸಲ್ಲಿಸಿದ್ದಾರೆ. ಜನಮನದಲ್ಲಿ ಇವರ ಹೆಸರು ಎಲ್ಲಕ್ಕಿಂತ ಹೆಚ್ಚಾಗಿ ಬೆರೆತಿರುವುದು ಬೆಂಗಳೂರಿನ ವಿಧಾನಸೌಧದೊಂದಿಗೆ. ಆದರೆ ಕನ್ನಡ ನಾಡಿನ ಏಕೀಕರಣದ ಸಂದರ್ಭದಲ್ಲಿ ಇವರು ತಳೆದ ನಿಲುವು ಆ ಕಟ್ಟಡದಷ್ಟೇ ಗಮನಕ್ಕೆ ಅರ್ಹವಾದುದು. ಆ ನಿಲುವಿನಿಂದ ಅವರ ಸ್ವಂತ ರಾಜಕೀಯ ನೆಲೆ ಕುಗ್ಗುವುದು ಸ್ಪಷ್ಟವಾಗಿತ್ತು.

ಹೆಸರು ಮತ್ತು ಊರು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಕೆಂಗಲ್ ಎಂಬ ಸ್ಥಳವಿದೆ. ಕೆಂಪು ಕಲ್ಲು ಎಂಬ ಅರ್ಥದ ಈ ಹೆಸರಿನ ಸ್ಥಳದಲ್ಲಿ ಆಂಜನೇಯಸ್ವಾಮಿಯ ಪ್ರಸಿದ್ಧ ದೇವಾಲಯವಿದ್ದು, ಸುತ್ತಲಿನ ರೈತರು ಸೇರುವ ದನಗಳ ಜಾತ್ರೆ ಇಲ್ಲಿ ನಡೆಯುತ್ತದೆ. ಹನುಮಂತಯ್ಯನವರು ಈ ದೇವರ ಭಕ್ತರು. ದೇವಾಲಯದ ಜೀರ್ಣೋದ್ಧಾರಕ್ಕೂ ಶ್ರಮಿಸಿದರು. ಊರಿನ ಹೆಸರು ಅವರ ಹೆಸರಿನ ಮೊದಲ ಭಾಗವಾಗಿ ಎಷ್ಟು ಗಟ್ಟಿಯಾಗಿ ನೆಲೆನಿಂತಿತೆಂದರೆ, ಹಳೆಯ ತಲೆಮಾರಿನವರು ಅವರನ್ನು ಬರಿಯ 'ಕೆಂಗಲ್' ಎಂದೇ ಕರೆಯುತ್ತಿದ್ದರು.

ಅವರು ಹುಟ್ಟಿದ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನನ ಪತನಾನಂತರ ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದ ಬ್ಯಾರಿ ಕ್ಲೋಸ್‌ನ ನೆನಪಿಗೆ ಇಟ್ಟ ಹೆಸರದು. ಭೂವಿಜ್ಞಾನಿಗಳು ಈ ಭಾಗದ ಬಂಡೆಗಳನ್ನು ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಕರೆಯುತ್ತಾರೆ. ಪಟ್ಟಣದ ಹೆಸರು ಮಾತ್ರ ರಾಮದೇವರ ಬೆಟ್ಟವನ್ನು ನೆನಪಿಸುವ ರಾಮನಗರವಾಯಿತು. ಈ ಬದಲಾವಣೆಗೆ ಹನುಮಂತಯ್ಯನವರೇ ಕಾರಣರೆಂಬುದು ಆ ಭಾಗದ ಜನರ ಮಾತು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಆಗ ಬೆಂಗಳೂರು ಜಿಲ್ಲೆಗೆ ಸೇರಿದ್ದವು. ರಾಗಿ, ರೇಷ್ಮೆ, ಬಂಡೆಗಲ್ಲಿನ ಸೀಮೆಯೆಂದು ಹೆಸರಾದ ಈ ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು; 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೊಸ ಹೆಸರಿಡಲಾಯಿತು.

ವಿದ್ಯಾಭ್ಯಾಸ ಮತ್ತು ವಕೀಲಿ ವೃತ್ತಿ

ಒಕ್ಕಲಿಗ ಕುಟುಂಬದಲ್ಲಿ ಜನಿಸಿದ ಹನುಮಂತಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ 1930ರಲ್ಲಿ ಬಿ.ಎ. ಪದವಿ ಪಡೆದರು. ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿ ಸಂಘ ಹಾಗೂ ಕರ್ನಾಟಕ ಸಂಘದ ಕಾರ್ಯದರ್ಶಿಯಾಗಿದ್ದರು. ಮೈಸೂರು ಸಂಸ್ಥಾನದ ವಿದ್ಯಾರ್ಥಿಗಳು ಕಾನೂನು ಓದಲು ಹೊರಪ್ರಾಂತ್ಯಗಳಿಗೆ ಹೋಗುವುದು ಆಗ ರೂಢಿ. ಹನುಮಂತಯ್ಯನವರು ಪುಣೆಗೆ ಹೋಗಿ 1932ರಲ್ಲಿ ಕಾನೂನು ಪದವಿ ಪಡೆದರು. ಮರುವರ್ಷ ವಕೀಲರಾಗಿ ನೋಂದಾಯಿಸಿಕೊಂಡರು.

ಅಂದಿನ ಮೈಸೂರಿನಲ್ಲಿ ವಕೀಲಿ ವೃತ್ತಿ ರಾಜಕೀಯದ ಹೆಬ್ಬಾಗಿಲಾಗಿತ್ತು. ರಾಜ್ಯದ ಮೊದಲ ಐವರು ಮುಖ್ಯಮಂತ್ರಿಗಳಾದ ಕೆ. ಚೆಂಗಲರಾಯ ರೆಡ್ಡಿ, ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ ಎಲ್ಲರೂ ಕಾನೂನು ಪದವೀಧರರು. ಹಳ್ಳಿಗಳ ರೈತ ಕುಟುಂಬಗಳ ಮೊದಲ ತಲೆಮಾರಿನ ವಿದ್ಯಾವಂತರಿಗೆ ಸರ್ಕಾರಿ ನೌಕರಿಯನ್ನು ಬಿಟ್ಟರೆ ಎದುರಿದ್ದ ಗೌರವದ ದಾರಿ ಇದೊಂದೇ. ನೌಕರಿಯಲ್ಲಿದ್ದವರು ಸರ್ಕಾರವನ್ನು ಪ್ರಶ್ನಿಸುವಂತಿರಲಿಲ್ಲ. ವಕೀಲರಿಗೆ ಆ ಸ್ವಾತಂತ್ರ್ಯವಿತ್ತು. ವಾದಿಸುವ ಅಭ್ಯಾಸ, ಕಾಯಿದೆಯ ಅಕ್ಷರದ ಮೇಲಿನ ಹಿಡಿತ, ಎದುರಾಳಿಯ ಮಾತಿನ ಸಂದು ಹುಡುಕುವ ಚಾತುರ್ಯ ಇವು ಹನುಮಂತಯ್ಯನವರಲ್ಲಿ ಕೊನೆಯವರೆಗೂ ಉಳಿದವು. ನ್ಯಾಯಾಲಯದಲ್ಲಿ ಅವರು ಹೆಚ್ಚು ಕಾಲ ನಿಲ್ಲಲಿಲ್ಲ. ಸಿ. ರಾಜಗೋಪಾಲಾಚಾರಿಯವರ ಪ್ರಭಾವದಿಂದ ಚಳವಳಿಯತ್ತ ತಿರುಗಿದರು.

ಸ್ವಾತಂತ್ರ್ಯ ಚಳವಳಿಯಲ್ಲಿ

ಮೈಸೂರು ಸಂಸ್ಥಾನದ ಚಳವಳಿಗೆ ತನ್ನದೇ ಆದ ತೊಡಕೊಂದಿತ್ತು. ಇಲ್ಲಿ ಆಳುತ್ತಿದ್ದವರು ಪ್ರಜೆಗಳು ಪ್ರೀತಿಸುತ್ತಿದ್ದ ಅರಸರು. ಆಡಳಿತ ನಡೆಸುತ್ತಿದ್ದವರು ದಕ್ಷರೆನಿಸಿದ ದಿವಾನರು. ಪ್ರಜಾಪ್ರತಿನಿಧಿ ಸಭೆ 1881ರಷ್ಟು ಹಿಂದೆಯೇ ಸ್ಥಾಪನೆಯಾಗಿತ್ತಾದರೂ ಸರ್ಕಾರ ಅದಕ್ಕೆ ಹೊಣೆಯಾಗಿರಲಿಲ್ಲ. ಹೀಗಾಗಿ ಇಲ್ಲಿನ ಬೇಡಿಕೆ 'ಜವಾಬ್ದಾರಿ ಸರ್ಕಾರ' ಎಂಬುದಾಗಿತ್ತು. 1930ರ ದಶಕದ ಉತ್ತರಾರ್ಧದಲ್ಲಿ ಹಳ್ಳಿಗಾಡಿನ ಬ್ರಾಹ್ಮಣೇತರ ನಾಯಕರ ಪಕ್ಷ ಕಾಂಗ್ರೆಸ್ಸಿನಲ್ಲಿ ವಿಲೀನವಾದಾಗ ನಗರದ ಚಳವಳಿಗೆ ಗ್ರಾಮಗಳ ಬಲ ಬಂತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರು ಸಂಸ್ಥಾನವನ್ನು ಕಲಕಿದವು. ಕೆಂಗಲ್‌ನಿಂದ ಶಿವಪುರ ದೂರವೇನಲ್ಲ. ಹೋರಾಟ ಊರಿನ ಬಾಗಿಲಿಗೇ ಬಂದಿತ್ತೆನ್ನಬಹುದು.

ಹನುಮಂತಯ್ಯನವರು ಈ ಅವಧಿಯಲ್ಲಿ ಮೈಸೂರು ಕಾಂಗ್ರೆಸ್ಸಿನ ಮುಂಚೂಣಿಗೆ ಬಂದರು. ಹಲವು ಬಾರಿ ಸೆರೆಮನೆ ಸೇರಿದರು. ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿ ಅಲ್ಲಿ ಕಾಂಗ್ರೆಸ್ ಪಕ್ಷದ ನಾಯಕತ್ವ ವಹಿಸಿದರು. ದೇಶ ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಯಬೇಕಾಯಿತು. ಅದರ ಫಲವಾಗಿ 1947ರ ಅಕ್ಟೋಬರ್ 25ರಂದು ಚೆಂಗಲರಾಯ ರೆಡ್ಡಿಯವರ ನೇತೃತ್ವದಲ್ಲಿ ಮೊದಲ ಜನಪ್ರತಿನಿಧಿ ಸರ್ಕಾರ ರಚನೆಯಾಯಿತು.

ಸಂವಿಧಾನ ರಚನಾ ಸಭೆ

ಮೈಸೂರಿನಿಂದ ಭಾರತದ ಸಂವಿಧಾನ ರಚನಾ ಸಭೆಗೆ ಹೋದ ಸದಸ್ಯರಲ್ಲಿ ಹನುಮಂತಯ್ಯನವರೂ ಒಬ್ಬರು. 1949ರ ನವೆಂಬರ್‌ನಲ್ಲಿ ಕರಡಿನ ಅಂತಿಮ ವಾಚನದ ವೇಳೆ ಅವರು ಆಡಿದ ಮಾತು ಇಂದಿಗೂ ಸಂವಿಧಾನದ ಚರಿತ್ರೆ ಬರೆಯುವವರ ಗಮನ ಸೆಳೆಯುತ್ತದೆ. ಕರಡು ಸಮಿತಿಯಲ್ಲಿದ್ದ ಹೆಚ್ಚಿನವರು ಸ್ವಾತಂತ್ರ್ಯ ಹೋರಾಟದ ಅನುಭವದಿಂದ ಬಂದವರಲ್ಲ, ಆದುದರಿಂದ ಅವರು ತಾವು ಕಲಿತ ಪಾಶ್ಚಾತ್ಯ ಮಾದರಿಯನ್ನೇ ಮುಂದಿಟ್ಟರು ಎಂಬುದು ಅವರ ಆಕ್ಷೇಪ. ವೀಣೆ, ಸಿತಾರಗಳ ನಾದವನ್ನು ಬಯಸಿದ್ದ ದೇಶಕ್ಕೆ ಇಂಗ್ಲಿಷ್ ಬ್ಯಾಂಡಿನ ಸಂಗೀತ ದೊರೆಯಿತೆಂದು ಅವರು ಹೋಲಿಸಿದರು. ಗ್ರಾಮವನ್ನು ತಳಹದಿಯಾಗಿಸಿಕೊಂಡ ಗಾಂಧೀಜಿಯವರ ಕಲ್ಪನೆಗೂ ಅಧಿಕಾರವನ್ನು ಮೇಲೆ ಕೇಂದ್ರೀಕರಿಸುವ ಈ ರಚನೆಗೂ ಹೊಂದಿಕೆಯಿಲ್ಲವೆಂದರು.

ಈ ಟೀಕೆ ಪೂರ್ಣವಾಗಿ ನ್ಯಾಯವಾದುದೆಂದು ಹೇಳಲಾಗದು. ಕರಡು ಸಮಿತಿಯ ಅಧ್ಯಕ್ಷರಾದ ಡಾ. ಬಿ.ಆರ್. ಅಂಬೇಡ್ಕರ್ ಹಳ್ಳಿಯನ್ನು ಜಾತಿಯ ದಬ್ಬಾಳಿಕೆಯ ನೆಲೆಯಾಗಿ ಕಂಡಿದ್ದರು. ವ್ಯಕ್ತಿಯನ್ನು ಸಂವಿಧಾನದ ಘಟಕವಾಗಿಸಿದ್ದಕ್ಕೆ ಅವರಿಗೆ ಬಲವಾದ ಕಾರಣವಿತ್ತು. ಆದರೂ ಹನುಮಂತಯ್ಯನವರ ಮುಂದಿನ ನಡೆಯನ್ನು ಅರಿಯಲು ಈ ಭಾಷಣ ಒಂದು ಕೀಲಿಕೈ. ಕಾನೂನಿನಲ್ಲಿ ತಮಗೆ ಸಿಗದ ದೇಸಿ ನಾದವನ್ನು ಅವರು ಮೂರು ವರ್ಷಗಳ ತರುವಾಯ ಕಲ್ಲಿನಲ್ಲಿ ಹುಡುಕಿದರು.

ಮುಖ್ಯಮಂತ್ರಿಯಾಗಿ

1952ರ ಮೊದಲ ಮಹಾಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ 74ನ್ನು ಗೆದ್ದಿತು. ರಾಮನಗರದಿಂದ ಆಯ್ಕೆಯಾದ ಹನುಮಂತಯ್ಯನವರು ಮುಖ್ಯಮಂತ್ರಿಯಾದರು. ಮಹಾರಾಜ ಜಯಚಾಮರಾಜ ಒಡೆಯರು ಆಗ ರಾಜಪ್ರಮುಖರು. ವಿರೋಧ ಪಕ್ಷದಲ್ಲಿ ಶಾಂತವೇರಿ ಗೋಪಾಲಗೌಡರಂತಹ ಸಮಾಜವಾದಿ ನಾಯಕರಿದ್ದರು. 1951ರ ಕಾಗೋಡು ಸತ್ಯಾಗ್ರಹದ ಬಿಸಿ ಇನ್ನೂ ಆರಿರಲಿಲ್ಲ. 1952ರ ಗೇಣಿ ಕಾಯಿದೆ ಮತ್ತು 1954ರ ಇನಾಮು ರದ್ದತಿ ಕಾಯಿದೆಗಳು ಈ ಹಿನ್ನೆಲೆಯಲ್ಲಿ ಬಂದವು. ಕಂದಾಯ ಸಚಿವರಾಗಿದ್ದ ಕಡಿದಾಳ್ ಮಂಜಪ್ಪನವರಿಗೆ ಇವುಗಳ ಶ್ರೇಯಸ್ಸಿನ ಹೆಚ್ಚಿನ ಪಾಲು ಸಲ್ಲಬೇಕು. ಉಳುವವನನ್ನು ಭೂಮಿಯ ಒಡೆಯನನ್ನಾಗಿ ಮಾಡುವಷ್ಟು ದೂರ ಈ ಕಾಯಿದೆಗಳು ಹೋಗಲಿಲ್ಲ. ಅದಕ್ಕೆ ನಾಡು 1970ರ ದಶಕದವರೆಗೆ ಕಾಯಬೇಕಾಯಿತು.

ಸಾಹಿತ್ಯ, ಗಮಕ ಕಲೆಗಳಲ್ಲಿ ಅವರಿಗೆ ಆಳವಾದ ಆಸಕ್ತಿಯಿತ್ತು. ಸಾಹಿತ್ಯ, ಸಂಸ್ಕೃತಿಗಳ ಅಭಿವೃದ್ಧಿಗೆ ಸರ್ಕಾರದಲ್ಲಿಯೇ ಒಂದು ಪ್ರತ್ಯೇಕ ವ್ಯವಸ್ಥೆ ಬೇಕೆಂದು ಬಯಸಿದವರಲ್ಲಿ ಅವರು ಮೊದಲಿಗರು. ಕುಮಾರವ್ಯಾಸ ಭಾರತವು ಕುವೆಂಪು ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರರ ಸಂಪಾದಕತ್ವದಲ್ಲಿ ಸರ್ಕಾರದ ಸುಲಭ ಬೆಲೆಯ ಪ್ರಕಟಣೆಯಾಗಿ ಮನೆಮನೆಗೆ ತಲುಪುವುದಕ್ಕೆ ಈ ಆಸ್ಥೆಯೇ ಬುನಾದಿ.

ವಿಧಾನಸೌಧ

ವಿಧಾನಸೌಧದ ಶಂಕುಸ್ಥಾಪನೆಯನ್ನು 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರು ನೆರವೇರಿಸಿದರು. ಆಗ ಮುಖ್ಯಮಂತ್ರಿಯಾಗಿದ್ದವರು ಚೆಂಗಲರಾಯ ರೆಡ್ಡಿ. ಕಲ್ಪಿಸಿದ್ದು ಸರಳವಾದೊಂದು ಕಟ್ಟಡ. ಇಂದು ಕಾಣುವ ರೂಪ ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿಟ್ಟ ಮೇಲೆ ಮೂಡಿದ್ದು. ಬೆಂಗಳೂರು ನೋಡಲು ಬಂದಿದ್ದ ರಷ್ಯಾದ ನಿಯೋಗವೊಂದು ಇಲ್ಲಿರುವುದೆಲ್ಲ ಐರೋಪ್ಯ ಕಟ್ಟಡಗಳೇ, ನಿಮ್ಮದೆಂಬ ವಾಸ್ತುಶಿಲ್ಪ ಇಲ್ಲವೇ ಎಂದು ಕೇಳಿತೆಂದೂ, ಆ ಪ್ರಶ್ನೆ ಅವರ ಮನಸ್ಸನ್ನು ಚುಚ್ಚಿತೆಂದೂ ಹೇಳಲಾಗುತ್ತದೆ. ನಿವೇಶನದ ಎದುರಿಗೇ ಬ್ರಿಟಿಷರ ಕಾಲದ ಕೆಂಪು ಬಣ್ಣದ ಅಠಾರಾ ಕಚೇರಿ ನಿಂತಿದ್ದುದು ಈ ಮಾತಿಗೆ ಪುಷ್ಟಿ ಕೊಡುವಂತಿದೆ.

ಮುಖ್ಯ ಇಂಜಿನಿಯರ್ ಬಿ.ಆರ್. ಮಾಣಿಕಂ ಅವರ ಮೇಲ್ವಿಚಾರಣೆಯಲ್ಲಿ 1952ರಿಂದ 1956ರವರೆಗೆ ಕೆಲಸ ನಡೆಯಿತು. ಕಟ್ಟಡದ ಉದ್ದ 700 ಅಡಿ, ಅಗಲ 350 ಅಡಿ. ಪೂರ್ವದ ಮುಖಮಂಟಪದಲ್ಲಿ 40 ಅಡಿ ಎತ್ತರದ 12 ಕಲ್ಲಿನ ಕಂಬಗಳಿವೆ. ಅಲ್ಲಿಗೆ ಏರುವ ಮೆಟ್ಟಿಲುಗಳ ಸಂಖ್ಯೆ 45. ನಡುವಿನ ಗೋಪುರದ ವ್ಯಾಸ 60 ಅಡಿ. ಬೆಂಗಳೂರಿನ ಸುತ್ತಲಿನ ಬಂಡೆಗಳಿಂದ ಕಲ್ಲು ಬಂತು. ಅಲಂಕರಣಕ್ಕೆ ಮಾಗಡಿಯ ನಸುಗೆಂಪು ಕಲ್ಲನ್ನೂ ತುರುವೇಕೆರೆಯ ಕಪ್ಪು ಕಲ್ಲನ್ನೂ ಬಳಸಲಾಯಿತು. ಕೆಂಗಲ್ಲಿನ ಹೆಸರು ಹೊತ್ತವರು ಕಟ್ಟಿಸಿದ ಸೌಧಕ್ಕೆ ಅವರ ನೆರೆಯ ಸೀಮೆಯ ಕೆಂಪುಕಲ್ಲೇ ಸೇರಿದ್ದು ಕಾಕತಾಳೀಯವಾದರೂ ಸೊಗಸಾಗಿದೆ. ಸುಮಾರು 1,500 ಮಂದಿ ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ದುಡಿದರು. ಕೂಲಿಯಾಳುಗಳು ಐದು ಸಾವಿರಕ್ಕೂ ಹೆಚ್ಚು. ಇವರಲ್ಲಿ ಅನೇಕರು ಸೆರೆಮನೆಯ ಕೈದಿಗಳಾಗಿದ್ದು, ಕಟ್ಟಡ ಮುಗಿದ ಬಳಿಕ ಅವರನ್ನು ಬಿಡುಗಡೆ ಮಾಡಲಾಯಿತು. ತಾವೇ ಹಲವು ಸಲ ಸೆರೆಮನೆ ಕಂಡಿದ್ದ ಮುಖ್ಯಮಂತ್ರಿಯ ಕಾಲದಲ್ಲಿ ಶಾಸನಸಭೆಯ ಮನೆಗೆ ಕೈದಿಗಳು ಕಲ್ಲು ಹೊತ್ತರು. ಕೈದಿಗಳ ದುಡಿಮೆಯನ್ನು ಸುಧಾರಣೆಯೆಂದು ಕಾಣುವುದೋ ಅಗ್ಗದ ಕೂಲಿಯೆಂದು ಕಾಣುವುದೋ ಎಂಬ ಪ್ರಶ್ನೆಯನ್ನು ಕಟ್ಟಡವನ್ನು ಹೊಗಳುವ ಬರಹಗಳು ಸಾಮಾನ್ಯವಾಗಿ ದಾಟಿಹೋಗುತ್ತವೆ.

ಒಟ್ಟು ವೆಚ್ಚ ಸುಮಾರು 1.84 ಕೋಟಿ ರೂಪಾಯಿ. ಮೊದಲ ಅಂದಾಜನ್ನು ಇದು ಬಹಳ ಮೀರಿತ್ತು. ಬಡ ರಾಜ್ಯಕ್ಕೆ ಇಷ್ಟು ಆಡಂಬರ ಏಕೆಂಬ ಟೀಕೆ ವಿರೋಧ ಪಕ್ಷದಿಂದಲೂ ಸ್ವಪಕ್ಷದಿಂದಲೂ ಬಂತು. ಖರ್ಚಿನ ಬಗ್ಗೆ ವಿಚಾರಣೆಯೂ ನಡೆಯಿತು. ಕಟ್ಟಡದ ಶೈಲಿಯನ್ನು ನವ ದ್ರಾವಿಡವೆಂದು ಕರೆಯುವುದು ವಾಡಿಕೆ. ದೇವಾಲಯದ ಕಂಬ, ಅರಮನೆಯ ಕಮಾನು, ಗುಮ್ಮಟ ಎಲ್ಲವೂ ಇಲ್ಲಿ ಬೆರೆತಿರುವುದರಿಂದ ಶಾಸ್ತ್ರಜ್ಞರಿಗೆ ಇದು ಶುದ್ಧ ಮಾದರಿಯಾಗಿ ಕಾಣದಿರಬಹುದು. ಹಳ್ಳಿಯಿಂದ ಬೆಂಗಳೂರಿಗೆ ಬಂದ ರೈತನಿಗೆ ಮಾತ್ರ ಇದು ಗುಡಿಯಂತೆ ಕಂಡಿತು. ಹನುಮಂತಯ್ಯನವರು ಬಯಸಿದ್ದೂ ಅದನ್ನೇ. ಮುಖಮಂಟಪದ ಮೇಲೆ ಕೆತ್ತಿರುವ 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ವಾಕ್ಯ ನಾಡಿನಲ್ಲಿ ಗಾದೆಯಂತೆ ಬಳಕೆಗೆ ಬಂದಿದೆ. ಕಚೇರಿಗಳಲ್ಲಿ ಕಾದು ಬೇಸತ್ತವರು ಅದನ್ನು ವ್ಯಂಗ್ಯವಾಗಿ ನುಡಿಯುವುದೂ ಉಂಟು.

ಏಕೀಕರಣ ಮತ್ತು ರಾಜೀನಾಮೆ

ಕನ್ನಡ ಮಾತನಾಡುವ ಪ್ರದೇಶಗಳು ಆಗ ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಮತ್ತು ಮೈಸೂರುಗಳಲ್ಲಿ ಹಂಚಿಹೋಗಿದ್ದವು. ಹನುಮಂತಯ್ಯನವರ ಕಾಲದಲ್ಲಿಯೇ ಮೈಸೂರಿನ ಗಡಿ ಮೊದಲ ಬಾರಿಗೆ ವಿಸ್ತರಿಸಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಬಿಟ್ಟು ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಸೇರಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರ್‌ನಲ್ಲಿ ವರದಿ ನೀಡಿ ಕನ್ನಡಿಗರ ಒಂದೇ ರಾಜ್ಯಕ್ಕೆ ಶಿಫಾರಸು ಮಾಡಿತು.

ಹಳೆಯ ಮೈಸೂರಿನ ಅನೇಕರಿಗೆ ಈ ಶಿಫಾರಸು ಹಿತವಾಗಲಿಲ್ಲ. ವಿದ್ಯುತ್ತು, ಕೈಗಾರಿಕೆ, ಶಾಲೆಗಳಲ್ಲಿ ಮುಂದಿದ್ದ ಸಂಸ್ಥಾನದ ವರಮಾನ ಹಿಂದುಳಿದ ಪ್ರದೇಶಗಳಿಗೆ ಹರಿದುಹೋಗುವುದೆಂಬುದು ಬಹಿರಂಗವಾಗಿ ಹೇಳುತ್ತಿದ್ದ ಕಾರಣ. ಬಹಿರಂಗವಾಗಿ ಕಡಿಮೆ ಆಡುತ್ತಿದ್ದ ಕಾರಣ ಜಾತಿಯ ಲೆಕ್ಕ. ಹಳೆಯ ಮೈಸೂರಿನಲ್ಲಿ ಒಕ್ಕಲಿಗರು ಪ್ರಬಲರು. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಸಂಖ್ಯೆ ಮೇಲುಗೈಯಾಗುತ್ತಿತ್ತು. ಹನುಮಂತಯ್ಯನವರ ಬೆಂಬಲಿಗರಲ್ಲಿಯೇ ಅನೇಕರು ಎರಡು ಕನ್ನಡ ರಾಜ್ಯಗಳಿರಲಿ ಎನ್ನುತ್ತಿದ್ದರು. ಎಚ್ಚರಿಕೆಯಿಂದ ಹೆಜ್ಜೆಯಿಡುತ್ತಿದ್ದ ಹನುಮಂತಯ್ಯನವರು ವರದಿಯ ಚರ್ಚೆಯ ವೇಳೆಗೆ ಏಕೀಕರಣದ ಪರವಾಗಿ ದೃಢವಾಗಿ ನಿಂತರು. ಅವರು ಲೆಕ್ಕ ತಿಳಿಯದವರಲ್ಲ. ತಮ್ಮ ಕಾಲ ಕೆಳಗಿನ ನೆಲ ಜಾರುವುದನ್ನು ಕಂಡೇ ಆ ಮಾತನ್ನು ಆಡಿದರು.

ಪಕ್ಷದೊಳಗಿನ ಅತೃಪ್ತಿ ಈ ನಡುವೆ ಬೆಳೆದಿತ್ತು. ಏಕಪಕ್ಷೀಯ ನಿರ್ಧಾರಗಳು, ಯಾರಿಗೂ ಬಗ್ಗದ ಸ್ವಭಾವ, ವಿಧಾನಸೌಧದ ವೆಚ್ಚ ಇವೆಲ್ಲ ಒಟ್ಟುಗೂಡಿದವು. ಕಾಂಗ್ರೆಸ್ ಶಾಸಕಾಂಗ ಪಕ್ಷದಲ್ಲಿ ವಿಶ್ವಾಸ ಕಳೆದುಕೊಂಡು 1956ರ ಆಗಸ್ಟ್‌ನಲ್ಲಿ ಅವರು ಅಧಿಕಾರ ಬಿಟ್ಟರು. ಕಡಿದಾಳ್ ಮಂಜಪ್ಪನವರು ಎರಡೂವರೆ ತಿಂಗಳಿಗಿಂತ ಕಡಿಮೆ ಕಾಲ ಮುಖ್ಯಮಂತ್ರಿಯಾಗಿದ್ದರು. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪ. ಹೊಸ ಸೌಧದಿಂದ ಹೊಸ ರಾಜ್ಯವನ್ನು ಆಳುವ ಅವಕಾಶ, ಎರಡಕ್ಕೂ ದುಡಿದ ಹನುಮಂತಯ್ಯನವರಿಗೆ ದೊರೆಯಲಿಲ್ಲ. ಮಂಜಪ್ಪನವರ ತರುವಾಯ ಒಕ್ಕಲಿಗ ಸಮುದಾಯದಿಂದ ಮತ್ತೊಬ್ಬರು ಮುಖ್ಯಮಂತ್ರಿಯಾಗಲು 38 ವರ್ಷ ಹಿಡಿಯಿತು. 1994ರಲ್ಲಿ ಆ ಸ್ಥಾನಕ್ಕೆ ಬಂದ ಎಚ್.ಡಿ. ದೇವೇಗೌಡರು ಆಯ್ಕೆಯಾಗಿದ್ದುದು ಹನುಮಂತಯ್ಯನವರ ರಾಮನಗರದಿಂದಲೇ.

ಸಂಸತ್ತು ಮತ್ತು ಕೇಂದ್ರ ಸರ್ಕಾರ

1957ರಲ್ಲಿ ರಾಮನಗರದಿಂದ ಮತ್ತೆ ವಿಧಾನಸಭೆಗೆ ಆಯ್ಕೆಯಾದ ಹನುಮಂತಯ್ಯನವರು 1962ರಲ್ಲಿ ಲೋಕಸಭೆಗೆ ಹೋದರು. 1967 ಮತ್ತು 1971ರಲ್ಲಿಯೂ ಬೆಂಗಳೂರು ನಗರದಿಂದ ಗೆದ್ದರು.

ದೆಹಲಿಯಲ್ಲಿ ಅವರ ಮುಖ್ಯ ಕಾರ್ಯವೆಂದರೆ ಆಡಳಿತ ಸುಧಾರಣಾ ಆಯೋಗ. 1966ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ರಚನೆಯಾದ ಈ ಆಯೋಗದಲ್ಲಿ ಹನುಮಂತಯ್ಯನವರು ಸದಸ್ಯರಾಗಿದ್ದರು. 1967ರಲ್ಲಿ ದೇಸಾಯಿಯವರು ಉಪಪ್ರಧಾನಿಯಾದಾಗ ಅಧ್ಯಕ್ಷತೆ ಇವರಿಗೆ ಬಂತು. 1970ರವರೆಗೆ ಆಯೋಗ 20 ವರದಿಗಳನ್ನೂ 537 ಶಿಫಾರಸುಗಳನ್ನೂ ನೀಡಿತು. ಹಿರಿಯ ಹುದ್ದೆಗಳು ಒಂದೇ ಸೇವೆಯ ಅಧಿಕಾರಿಗಳ ಸ್ವತ್ತಾಗಬಾರದು, ಆಯಾ ವಿಷಯದಲ್ಲಿ ಪರಿಣತಿ ಇದ್ದವರಿಗೂ ಅವು ತೆರೆದಿರಬೇಕು ಎಂಬುದು ಅವುಗಳಲ್ಲಿ ಹೆಚ್ಚು ಚರ್ಚೆಗೊಳಗಾದ ಸಲಹೆ. ಕೇಂದ್ರದಲ್ಲಿ ಸಿಬ್ಬಂದಿ ಇಲಾಖೆ 1970ರಲ್ಲಿ ಸ್ಥಾಪನೆಯಾದುದು ಆಯೋಗದ ಶಿಫಾರಸಿನ ಫಲ. ರಾಜ್ಯಗಳ ನಡುವಣ ಮಂಡಳಿಯ ಸಲಹೆ 1990ರಲ್ಲಿ ಜಾರಿಗೆ ಬಂತು. ಲೋಕಪಾಲ, ಲೋಕಾಯುಕ್ತ ಸಂಸ್ಥೆಗಳ ಕಲ್ಪನೆ ಆಯೋಗದ 1966ರ ಮಧ್ಯಂತರ ವರದಿಯಲ್ಲಿಯೇ ಇತ್ತು. ಕರ್ನಾಟಕದಲ್ಲಿ ಲೋಕಾಯುಕ್ತ ಕಾಯಿದೆ ಬಂದದ್ದು 1984ರಲ್ಲಿ, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ. ಹೆಗಡೆಯವರು ಆಗ ಕನಕಪುರದ ಶಾಸಕರಾಗಿದ್ದರು.

1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪನವರು ಒಂದು ಬಣದ ಅಧ್ಯಕ್ಷರು. ಹನುಮಂತಯ್ಯನವರು ಇಂದಿರಾ ಗಾಂಧಿಯವರ ಕಡೆ ನಿಂತರು. 1970ರ ಜೂನ್‌ನಿಂದ 1971ರ ಮಾರ್ಚ್‌ವರೆಗೆ ಕಾನೂನು ಮತ್ತು ಸಮಾಜ ಕಲ್ಯಾಣ ಸಚಿವರಾಗಿ, ಅನಂತರ 1972ರ ಜುಲೈವರೆಗೆ ರೈಲ್ವೆ ಸಚಿವರಾಗಿ ಕೆಲಸ ಮಾಡಿದರು. ಬಾಂಗ್ಲಾದೇಶದ ನಿರಾಶ್ರಿತರ ಸಾಗಣೆ, ಡಿಸೆಂಬರ್ ಯುದ್ಧದ ಸೇನಾ ಸಾಗಣೆ ಎರಡೂ ರೈಲ್ವೆಯ ಮೇಲೆ ಬಿದ್ದ ಕಾಲವದು. ಅವರ ನಂತರ ರೈಲ್ವೆ ಖಾತೆ ವಹಿಸಿದ ಟಿ.ಎ. ಪೈ ಅವರೂ ಕನ್ನಡ ನಾಡಿನವರೇ.

ತುರ್ತು ಪರಿಸ್ಥಿತಿಯ ನಂತರದ 1977ರ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ 26ನ್ನು ಗೆದ್ದಿತು. ಸೋತ ಎರಡರಲ್ಲಿ ಒಂದು ಹಾಸನ, ಮತ್ತೊಂದು ಹನುಮಂತಯ್ಯನವರು ನಿಂತಿದ್ದ ಬೆಂಗಳೂರು ದಕ್ಷಿಣ. ಅವರನ್ನು ಸೋಲಿಸಿದವರು ಕೆ.ಎಸ್. ಹೆಗ್ಡೆ, 1973ರಲ್ಲಿ ಇಂದಿರಾ ಗಾಂಧಿ ಸರ್ಕಾರ ಜ್ಯೇಷ್ಠತೆಯನ್ನು ಕಡೆಗಣಿಸಿ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ನೀಡಿ ಹೊರಬಂದಿದ್ದ ನ್ಯಾಯಮೂರ್ತಿ. ಹಳೆಯ ವಕೀಲರೊಬ್ಬರು ಮಾಜಿ ನ್ಯಾಯಾಧೀಶರೊಬ್ಬರ ಎದುರು ಸೋತ ಈ ಚುನಾವಣೆಯೇ ಅವರ ಸಂಸದೀಯ ಜೀವನದ ಕೊನೆ. ಹೆಗ್ಡೆಯವರು ಮುಂದೆ ಲೋಕಸಭಾಧ್ಯಕ್ಷರಾದರು.

ಸ್ಮಾರಕಗಳು

ಹನುಮಂತಯ್ಯನವರು 1980ರ ಡಿಸೆಂಬರ್ 1ರಂದು ನಿಧನರಾದರು. ವಿಧಾನಸೌಧದ ಆವರಣದಲ್ಲಿ ಅವರ ಪ್ರತಿಮೆಯಿದೆ. ಬೆಂಗಳೂರಿನ ಶಾಂತಿನಗರದ ಡಬಲ್ ರೋಡಿಗೆ ಕೆಂಗಲ್ ಹನುಮಂತಯ್ಯ ರಸ್ತೆಯೆಂದು ಹೆಸರಿಡಲಾಗಿದೆ. ಕೋಲಾರ ಚಿನ್ನದ ಗಣಿ ಪ್ರದೇಶದ ಕಾನೂನು ಕಾಲೇಜೊಂದು ಅವರ ಹೆಸರನ್ನು ಹೊತ್ತಿದೆ. ಮೈಸೂರಿನತ್ತ ಹೋಗುವ ಹಳೆಯ ಹೆದ್ದಾರಿಯ ಪ್ರಯಾಣಿಕರು ಕೆಂಗಲ್ಲಿನ ಆಂಜನೇಯನ ಗುಡಿಯ ಮುಂದೆ ವಾಹನ ನಿಲ್ಲಿಸಿ ಕೈಮುಗಿಯುವ ಪದ್ಧತಿ ಈಗಲೂ ಇದೆ.